ಶಾಸಕರೇ, ನಿಮ್ಮ 131ರಲ್ಲಿ ನಮ್ಮ ಅತ್ತೆಯೂ ಇದ್ದಾರೆ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ನಿಮ್ಮ ಕ್ಷೇತ್ರದ ಮತದಾರಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ನಿಮಗೆ ಬರೆಯಬೇಕು ಅಂತ ನಾಲ್ಕು ವರ್ಷದಿಂದ ಅಂದುಕೊಳ್ಳುವುದು, ಸುಮ್ಮನಾಗುವುದು, ಇದೇ ಆಗಿತ್ತು. ಹೋದ ವಾರ ಊಟಕ್ಕೆ ಕೂತಾಗ ಮಗಳು ಕೇಳಿದಳು: "ಅಮ್ಮ, ಮುಂದಿನ ವರ್ಷ ಜುಲೈಯಲ್ಲಿ ರಾಷ್ಟ್ರಪತಿ ಚುನಾವಣೆ ಬರುತ್ತಲ್ಲ, ಹೋದ ಸಲ ನಮ್ಮ ಎಂಎಲ್‌ಎ ಯಾರಿಗೆ ಓಟು ಹಾಕಿದ್ದರು?" ನನಗೆ ಗೊತ್ತಿರಲಿಲ್ಲ. ನನ್ನ ಯಜಮಾನರಿಗೂ ಗೊತ್ತಿರಲಿಲ್ಲ. ಓಣಿಯಲ್ಲಿ ಕೇಳಿದೆ, ಯಾರಿಗೂ ಗೊತ್ತಿಲ್ಲ.

ಅದಕ್ಕೇ ಈ ಪತ್ರ. ಕೇಳುವುದು ಇಷ್ಟೇ: 2027ರಲ್ಲಿ ಓಟು ಹಾಕಲು ವಿಧಾನಸೌಧಕ್ಕೆ ಹೋಗುವ ಮೊದಲು ನಮ್ಮನ್ನು ಒಂದು ಮಾತು ಕೇಳಿ. ಹಾಕಿ ಬಂದ ಮೇಲೆ ಯಾರಿಗೆ, ಯಾಕೆ ಹಾಕಿದಿರಿ ಅಂತ ಹೇಳಿ.

ರಾಷ್ಟ್ರಪತಿಗೆ ಓಟು ಹಾಕುವುದು ನಾವಲ್ಲ, ನಿಮ್ಮಂಥ ಶಾಸಕರು, ಸಂಸದರು. ಆ ನಿಯಮ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಆದರೂ ನಮ್ಮ ಮನೆಯಲ್ಲಿ ಆ ರಾತ್ರಿ ನಡೆದದ್ದನ್ನು ಹೇಳುತ್ತೇನೆ. ಮಗಳಿಗೆ ಈಗ ಹತ್ತನೇ ಕ್ಲಾಸು. ಎಂಜಲು ಕೈಯಲ್ಲೇ ಫೋನು ತೆಗೆದು ಲೆಕ್ಕ ಹಾಕಿದಳು. ರಾಜ್ಯದ ಜನಸಂಖ್ಯೆ 2,92,99,014. ಅದನ್ನು 224 ಶಾಸಕರಿಗೆ ಹಂಚು, ಆಮೇಲೆ 1000ದಿಂದ ಭಾಗಿಸು. ಬಂತು 131. ಅದು ನಿಮ್ಮ ಒಂದು ಓಟಿನ ಬೆಲೆ. ಉತ್ತರ ಪ್ರದೇಶದ ಶಾಸಕರಿಗೆ 208, ಸಿಕ್ಕಿಂನವರಿಗೆ ಬರೀ 7.

"ಮೂರು ಕೋಟಿಯೂ ಇಲ್ವಾ? ನಾವು ಆರು ಕೋಟಿ ದಾಟಿ ಎಷ್ಟು ಕಾಲ ಆಯ್ತು!" ಅಂದೆ. ಆಗ ಗೊತ್ತಾಯಿತು, ಅದು 1971ರ ಜನಗಣತಿಯ ಲೆಕ್ಕ. ಇವತ್ತಿಗೂ ಅದೇ ನಡೆಯುತ್ತಿದೆಯಂತೆ. ನಾನು ಹುಟ್ಟಿದ್ದು 1979ರಲ್ಲಿ. ಅಂದರೆ ನಿಮ್ಮ 131ರಲ್ಲಿ ನಾನಿಲ್ಲ. ನನ್ನ ಯಜಮಾನರಿಲ್ಲ, ಮಗಳಂತೂ ಇಲ್ಲವೇ ಇಲ್ಲ. ನಮ್ಮ ಮನೆಯಿಂದ ಅದರಲ್ಲಿ ಇರುವವರು ಒಬ್ಬರೇ, ನಮ್ಮ ಅತ್ತೆ.

ಅತ್ತೆಗೆ ಆ ಗಣತಿ ನೆನಪಿದೆ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಮದುವೆಯಾಗಿ ಬಂದ ಹೊಸತು. ಮೇಷ್ಟರೊಬ್ಬರು ದೊಡ್ಡ ಪುಸ್ತಕ ಹಿಡಿದು ಬಾಗಿಲಿಗೆ ಬಂದು ಗಂಡನ ಹೆಸರು ಕೇಳಿದರಂತೆ. ಆ ಕಾಲದಲ್ಲಿ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ. ಅತ್ತೆ ಬಾಗಿಲ ಹಿಂದೆ ನಿಂತು ಸೆರಗು ಕಚ್ಚಿಕೊಂಡರಂತೆ. ಕೊನೆಗೆ ಪಕ್ಕದ ಮನೆಯ ಅಜ್ಜಿ ಕೂಗಿ ಹೇಳಿ ಬರೆಸಿದರಂತೆ. ಹಾಗೆ ಬರೆಸಿದ ತಲೆ ಸ್ವಾಮಿ ಅದು. ಆ ತಲೆ ಲೆಕ್ಕದ ಮೇಲೆ ನೀವು ಓಟು ಹಾಕಿ ಬಂದಿರಿ.

ಇನ್ನು ಅದೇ ಅತ್ತೆಗೆ ನಿಮ್ಮ ಕಚೇರಿಯಲ್ಲಿ ಏನಾಯಿತು ಅಂತ ಕೇಳಿ.

2022ರ ಜುಲೈ. ಆಧಾರ್‌ನಲ್ಲಿ ಅತ್ತೆಯ ಹೆಸರು ತಪ್ಪಾಗಿತ್ತು, ಬ್ಯಾಂಕಿನ ಹೆಸರಿಗೆ ಹೊಂದುತ್ತಿರಲಿಲ್ಲ. ಪಿಂಚಣಿ ನಿಂತು ಎರಡು ತಿಂಗಳಾಗಿತ್ತು. ತಿದ್ದಿಸಲು ಫೋಟೋ ಅಂಟಿಸಿದ ಒಂದು ಫಾರಂಗೆ ಶಾಸಕರ ಸಹಿ, ಸೀಲು ಇದ್ದರೆ ಸಾಕು ಅಂದರು. 16ನೇ ತಾರೀಕು ಶನಿವಾರ ಅತ್ತೆಯನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದೆ. ನಿಮ್ಮ ಕಚೇರಿ ಮೊದಲನೇ ಮಹಡಿ. ಇಪ್ಪತ್ತೆರಡು ಮೆಟ್ಟಿಲು. ಅತ್ತೆಗೆ ಮಂಡಿ ನೋವು. ನಾಲ್ಕು ಕಡೆ ನಿಂತು ನಿಂತು ಹತ್ತಿದೆವು, ಅದಕ್ಕೇ ಎಣಿಕೆ ಸಿಕ್ಕಿತು. ಮಧ್ಯಾಹ್ನ ಎರಡರವರೆಗೆ ಕೂರಿಸಿ ನಿಮ್ಮ ಪಿಎ ಹೇಳಿದರು, "ಸಾಹೇಬ್ರು ರಾಷ್ಟ್ರಪತಿ ಎಲೆಕ್ಷನ್‌ಗೆ ಬೆಂಗಳೂರಿಗೆ ಹೋಗಿದ್ದಾರೆ, ಬುಧವಾರ ಬನ್ನಿ."

ಓಟು ಇದ್ದದ್ದು 18ನೇ ತಾರೀಕು ಸೋಮವಾರ. ಒಂದು ಚೀಟಿಯಲ್ಲಿ ಬೇಕಾದವರ ಹೆಸರಿನ ಮುಂದೆ 1 ಅಂತ ಬರೆಯಲು ಎರಡು ದಿನ ಮುಂಚೆಯೇ ಯಾಕೆ ಹೋಗಬೇಕಿತ್ತೋ ನಮಗೆ ತಿಳಿಯದು. ಪೆನ್ನು ಕೂಡ ಚುನಾವಣಾ ಆಯೋಗದವರೇ ಕೊಡುತ್ತಾರಂತೆ.

ಬುಧವಾರ ಬಂದೆವು. ಸನ್ಮಾನಕ್ಕೆ ಹೋಗಿದ್ದಿರಿ. ಗುರುವಾರ, 21ಕ್ಕೆ, ಮತ್ತೆ ಬಂದೆವು. ಅವತ್ತು ಫಲಿತಾಂಶ. ಕಚೇರಿ ತುಂಬ ಜನ. ನೀವು ಒಳಗೇ ಇದ್ದಿರಿ, ನಗು ಕೇಳಿಸುತ್ತಿತ್ತು. ಅತ್ತೆ ಫಾರಂ ಚಾಚಿದರು. ನಿಮ್ಮ ಕಡೆಯವರೊಬ್ಬರು ಫಾರಂ ಪಕ್ಕಕ್ಕೆ ಸರಿಸಿ, ಅತ್ತೆಯ ಅಂಗೈಗೆ ಒಂದು ಲಾಡು ಇಟ್ಟು, "ತಗೊಳ್ಳಿ ಅಜ್ಜಿ, ಖುಷಿ ದಿನ, ಇವತ್ತು ಸಹಿ ಆಗಲ್ಲ" ಅಂದರು.

ಅತ್ತೆಗೆ ಸಕ್ಕರೆ ಕಾಯಿಲೆ. ಲಾಡನ್ನು ಫಾರಂ ಮೇಲೇ ಇಟ್ಟುಕೊಂಡು ಮೆಟ್ಟಿಲು ಇಳಿದರು. ಫೋಟೋದ ಮೇಲೆ ತುಪ್ಪದ ಕಲೆ ಆಯಿತು. ಇನ್ನೊಂದು ಫೋಟೋ ತೆಗೆಸಿ, ಸರ್ಕಾರಿ ಆಸ್ಪತ್ರೆಯ ವೈದ್ಯರ ಹತ್ತಿರ ಹೋದೆವು. ಅವರು ನಿಂತಲ್ಲೇ ಸಹಿ ಹಾಕಿ ಕೊಟ್ಟರು. ಒಂದು ನಿಮಿಷ ಆಗಿರಬಹುದು. ಪಿಂಚಣಿ ಮತ್ತೆ ಶುರುವಾಯಿತು, ನಿಂತಿದ್ದ ತಿಂಗಳುಗಳ ದುಡ್ಡು ಮಾತ್ರ ಇವತ್ತಿನವರೆಗೂ ಬಂದಿಲ್ಲ. ನನ್ನ ಹೊಲಿಗೆ ಮೂರು ದಿನ ನಿಂತದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಾನು ಹೇಗೂ ಲೆಕ್ಕದಲ್ಲಿಲ್ಲವಲ್ಲ.

ತಪ್ಪು ತಿಳಿಯಬೇಡಿ. ದ್ರೌಪದಿ ಮುರ್ಮು ಅವರು ಗೆದ್ದದ್ದಕ್ಕೆ ನಮ್ಮ ಮನೆಯಲ್ಲಿ ಯಾರಿಗೂ ಬೇಸರವಿಲ್ಲ. ಒಡಿಶಾದ ಹಳ್ಳಿಯ ಆದಿವಾಸಿ ಹೆಣ್ಣುಮಗಳು, ಮೇಷ್ಟ್ರಾಗಿದ್ದವರು, ಅಷ್ಟು ಎತ್ತರಕ್ಕೆ ಹೋದರು. 25ನೇ ತಾರೀಕು ಪ್ರಮಾಣವಚನವನ್ನು ಅತ್ತೆ ಟಿವಿ ಮುಂದೆ ಕೂತು ಪೂರ್ತಿ ನೋಡಿದರು. ನನ್ನ ಯಜಮಾನರು ಯಶವಂತ ಸಿನ್ಹಾ ಗೆಲ್ಲಬೇಕಿತ್ತು ಅಂತ ವಾದ ಮಾಡಿ ಅಮ್ಮನ ಹತ್ತಿರ ಬೈಸಿಕೊಂಡರು. ಹಾಕಲು ಓಟೇ ಇಲ್ಲದ ಮನೆಯಲ್ಲಿ ಇಷ್ಟು ಜಗಳ ಆಯಿತು. ಓಟು ಇದ್ದ ನೀವು ಮಾತ್ರ ಬಾಯಿ ಬಿಡಲಿಲ್ಲ.

ಬಿಡಲಿಲ್ಲ ಅಂತಲೂ ಅಲ್ಲ. ಹೋಗುವಾಗ "ಹೈಕಮಾಂಡ್ ಹೇಳಿದಂತೆ" ಅಂದಿರಿ. ಬಂದ ಮೇಲೆ "ಆತ್ಮಸಾಕ್ಷಿಯಂತೆ ಹಾಕಿದ್ದೇನೆ" ಅಂದಿರಿ. ಯಾವುದು ನಿಜ? ನಮ್ಮ ಮಾವನವರು ಇದ್ದಾಗ 1969ರ ರಾಷ್ಟ್ರಪತಿ ಚುನಾವಣೆಯ ಕಥೆ ಹೇಳುತ್ತಿದ್ದರು. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸಭೆ ನಡೆದದ್ದು, ಪಕ್ಷ ಸಂಜೀವ ರೆಡ್ಡಿ ಅವರನ್ನು ನಿಲ್ಲಿಸಿದ್ದು, ಇಂದಿರಾ ಗಾಂಧಿ ಆತ್ಮಸಾಕ್ಷಿಯಂತೆ ಓಟು ಹಾಕಿ ಅಂದದ್ದು, ಕೊನೆಗೆ ವಿ.ವಿ. ಗಿರಿ ಗೆದ್ದದ್ದು. ಅವತ್ತು ಆತ್ಮಸಾಕ್ಷಿ ಅಂದರೆ ಪಕ್ಷ ಹೇಳಿದ್ದನ್ನು ಮೀರುವುದು. ನಿಮ್ಮದು ಹೈಕಮಾಂಡ್ ಜೊತೆ ಒಂದೇ ಕಾರಿನಲ್ಲಿ ಓಡಾಡುವ ಆತ್ಮಸಾಕ್ಷಿ ಇರಬೇಕು.

ಮತ ಗುಪ್ತ, ಹೇಳುವಂತಿಲ್ಲ ಅಂತ ನಿಮ್ಮ ಪಿಎ ಹೇಳಬಹುದು. ನಾವು ಚೀಟಿ ತೋರಿಸಿ ಅನ್ನುತ್ತಿಲ್ಲ. ಈ ಚುನಾವಣೆಯಲ್ಲಿ ಪಕ್ಷ ವಿಪ್, ಅಂದರೆ ಇಂಥವರಿಗೇ ಓಟು ಹಾಕಿ ಅನ್ನುವ ಆದೇಶ, ಕೊಡುವಂತಿಲ್ಲ, ಅದು ನಿಮಗೂ ಗೊತ್ತು. ಅಂದಮೇಲೆ ಕೇಳಬೇಕಾದ್ದು ಯಾರನ್ನು? ದೆಹಲಿಯವರನ್ನೋ, ತಲೆ ಎಣಿಸಿಕೊಟ್ಟ ನಮ್ಮನ್ನೋ? ಸಭೆ ಮಾಡಿ. ಶಾಮಿಯಾನ ಬೇಡ, ಲಾಡೂ ಬೇಡ. ಒಂದು ಸಂಜೆ ಸಾಕು. ನಿಮಗಿಂತ ಹಿಂದೆ ಇದ್ದವರು 2012ರಲ್ಲೂ ಕೇಳಲಿಲ್ಲ, 2017ರಲ್ಲೂ ಕೇಳಲಿಲ್ಲ. 2022ರಲ್ಲಿ ನೀವು ಕೇಳಲಿಲ್ಲ. ಆದರೂ 2023ರಲ್ಲಿ ನಿಮ್ಮನ್ನೇ ಮತ್ತೆ ಗೆಲ್ಲಿಸಿದೆವು, ಅದು ನಮ್ಮ ಹಣೆಬರಹ. ಈ ಸಲವಾದರೂ ಕೇಳಿ.

ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. "ಕೇಳೋಕೆ ಬರಲಿ, ಯಾರು ಬೇಕು ಅಂತ ನಾನು ಹೇಳ್ತೀನಿ. ಗಂಡನ ಹೆಸರು ಹೇಳೋಕೆ ನಾಚಿಕೆ ಇತ್ತು, ಇದಕ್ಕೇನು" ಅಂದರು. ಬಸ್ ಸ್ಟ್ಯಾಂಡ್ ಹಿಂದಿನ ಓಣಿ, ಹೊಲಿಗೆ ಮಿಷನ್ ಸದ್ದು ಕೇಳುವ ಮನೆ. ಯಾವಾಗ ಬೇಕಾದರೂ ಬನ್ನಿ, ನಮ್ಮ ಮನೆಗೆ ಮೆಟ್ಟಿಲಿಲ್ಲ.

ಇಂತಿ,
ನಿಮ್ಮ 131ರಲ್ಲಿ ಇಲ್ಲದ ಒಬ್ಬ ಮತದಾರಳು