ಮಳೆಗಾಲದಲ್ಲಿ ಕಿವಿ ಜೋಪಾನ

ಗುಂಪಿನ ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ಬಟ್ಟೆಯೇ ಒಣಗದ ಈ ದಿನಗಳಲ್ಲಿ ಕಿವಿಯೊಳಗೂ ಪಸೆ ನಿಲ್ಲುತ್ತದೆ, ಶಿಲೀಂಧ್ರ ಬೆಳೆಯುತ್ತದೆ. ಮೊದಲು ತಡೆಯಲಾಗದ ತುರಿಕೆ, ಆಮೇಲೆ ಕಿವಿ ಕಟ್ಟಿದಂತಾಗಿ ನೋವು. ವೈದ್ಯರು ಒಳಗೆ ನೋಡಿದರೆ ಒದ್ದೆ ಕಾಗದದಂಥ ಬಿಳಿ ಪದರ, ಕೆಲವರಲ್ಲಿ ಅದರ ಮೇಲೆ ಕಪ್ಪು ಚುಕ್ಕೆಗಳೂ ಕಾಣುತ್ತವೆ.

ಇಂಥ ಹೊತ್ತಿನಲ್ಲಿ ತೆಂಗಿನೆಣ್ಣೆ ಬಿಸಿ ಮಾಡಿ ಕಿವಿಗೆ ಬಿಡುವ ರೂಢಿ ನಮ್ಮ ಕಡೆ ಇದೆ. ಕೈಮುಗಿದು ಕೇಳುತ್ತೇನೆ, ದಯವಿಟ್ಟು ಬೇಡ. ಕಿವಿತಮಟೆಯಲ್ಲಿ ತೂತಿದ್ದರೆ ಎಣ್ಣೆ ನೇರ ನಡುಕಿವಿಗೆ ಇಳಿಯುತ್ತದೆ. ಹೇರ್‌ಪಿನ್, ಹತ್ತಿಯ ಕಡ್ಡಿ ಕೂಡ ಬೇಡ. ಅವು ಚರ್ಮವನ್ನು ತರಚುತ್ತವೆ, ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತವೆ. ಹೋದ ವರ್ಷ ಉಳಿದ ಹನಿಮದ್ದನ್ನೂ ಹುಡುಕಿ ಹಾಕಬೇಡಿ. ಆ್ಯಂಟಿಬಯೋಟಿಕ್ ಹನಿಯಿಂದ ಶಿಲೀಂಧ್ರ ಹೆಚ್ಚಲೂಬಹುದು. ಸ್ನಾನವಾದ ಮೇಲೆ ತಲೆ ಓರೆ ಮಾಡಿ ನೀರು ಇಳಿಸಿ, ಹೊರಗಿವಿಯನ್ನಷ್ಟೇ ಒರೆಸಿ. ತುರಿಕೆ ನಿಲ್ಲದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಸಕ್ಕರೆ ಕಾಯಿಲೆಯ ಹಿರಿಯರಿಗೆ ನಿದ್ದೆ ಕೆಡಿಸುವಷ್ಟು ಕಿವಿನೋವು ಬಂದರೆ ಅಂದೇ ಕರೆದೊಯ್ಯಿರಿ. ಸೋಂಕು ಮೂಳೆಗೆ ಹಬ್ಬಬಹುದು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದೇ ಹೋದರೂ ಹಾಗೆಯೇ, ತಡವಾದಷ್ಟೂ ಶ್ರವಣ ಮರಳುವುದು ಕಷ್ಟ.

ಮೂಗಿನಿಂದ ರಕ್ತ ಬಂದರೆ ಮಲಗಿಸಬೇಡಿ. ಕೂರಿಸಿ, ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10–15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ.

ಪುಟ್ಟ ಮಕ್ಕಳು ಆಟಿಕೆಯ ಗುಂಡಿ ಬ್ಯಾಟರಿಯನ್ನು ಮೂಗಿಗೋ ಕಿವಿಗೋ ತುರುಕಿಕೊಂಡರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಓಡಿ. ಕೆಲವೇ ಗಂಟೆಗಳಲ್ಲಿ ಅದು ಒಳಪದರವನ್ನು ಸುಡುತ್ತದೆ.