ಇನ್ನೂ ಕತ್ತಲಿರುವಾಗಲೇ

ಪ್ರೀತಿಯ ಮಗಳೇ,

ಕರ್ತನಾದ ಯೇಸುವಿನ ನಾಮದಲ್ಲಿ ನಿನಗೂ ಮಕ್ಕಳಿಗೂ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನ ಪತ್ರವನ್ನು ಮೂರು ಸಲ ಓದಿದೆ. ನಿನ್ನ ಯಜಮಾನರನ್ನು ಮಣ್ಣು ಮಾಡಿ ಎರಡು ತಿಂಗಳಾಯಿತು, ಪ್ರಾರ್ಥನೆಗೆ ಕುಳಿತರೆ ಮಾತು ಹೊರಡದೆ ಅಳುವೊಂದೇ ಬರುತ್ತದೆ, ಇದು ಅವಿಶ್ವಾಸವೇ ಎಂದು ಕೇಳಿದ್ದೀಯ. ಅಲ್ಲವೇ ಅಲ್ಲ ಮಗಳೇ.

ಯೋಹಾನನ ಸುವಾರ್ತೆಯ 11ನೆಯ ಅಧ್ಯಾಯವನ್ನು ಚಿಕ್ಕಂದಿನಿಂದ ಕೇಳುತ್ತಲೇ ಬಂದಿದ್ದರೂ ನಮ್ಮ ಮನಸ್ಸು ಸತ್ತಿದ್ದ ಲಾಜರನು ಯೇಸು ಕರೆದಾಗ ಸಮಾಧಿಯಿಂದ ಎದ್ದು ಬಂದ ಕಡೆಗೇ ಓಡಿಬಿಡುತ್ತದೆ. ನೀನು ಈಗ ಅದಕ್ಕೆ ಮುಂಚಿನ ಭಾಗವನ್ನಷ್ಟೇ ನಿಧಾನವಾಗಿ ಓದು. ಲಾಜರನನ್ನು ಸಮಾಧಿಯಲ್ಲಿಟ್ಟು ನಾಲ್ಕು ದಿನಗಳಾಗಿವೆ. ಅವನ ಅಕ್ಕ ಮಾರ್ಥಳು ಊರ ಹೊರಗೇ ಯೇಸುವನ್ನು ಎದುರುಗೊಂಡು, ನೀನು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ ಎನ್ನುತ್ತಾಳೆ. ಆಮೇಲೆ ಬಂದ ಆಕೆಯ ತಂಗಿ ಮರಿಯಳು ಪಾದಕ್ಕೆ ಬಿದ್ದು ಅದೇ ಮಾತನ್ನು ಆಡುತ್ತಾಳೆ. ಆ ನಾಲ್ಕು ದಿನವೂ ಅಕ್ಕತಂಗಿಯರು ಮನೆಯೊಳಗೆ ಇದನ್ನೇ ಹೇಳಿಕೊಂಡು ಕುಳಿತಿದ್ದರೇನೋ ಎಂದು ನನಗನ್ನಿಸುತ್ತದೆ. ಯೇಸು ಇಬ್ಬರನ್ನೂ ಗದರಿಸಲಿಲ್ಲ. ಇನ್ನು ಸ್ವಲ್ಪ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸುವೆನೆಂದು ಬಲ್ಲವನೇ, ಮರಿಯಳು ಅಳುವುದನ್ನು ಕಂಡು ತಾನೂ ಕಣ್ಣೀರು ಬಿಟ್ಟನು. ಮುಂದಿನದನ್ನು ಬಲ್ಲವನಿಗೇ ಅಳು ತಡೆಯಲಾಗಲಿಲ್ಲವೆಂದ ಮೇಲೆ ನೀನೇಕೆ ನಾಚಬೇಕು?

ನಿನ್ನ ದೊಡ್ಡಪ್ಪ ತೀರಿಕೊಂಡಾಗ ಬಂದವರೆಲ್ಲ ದೇವರ ಚಿತ್ತ, ದೇವರ ಚಿತ್ತ ಎಂದರು. ಮಾತು ಸುಳ್ಳೆಂದು ಹೇಳಲಾರೆ, ಆದರೆ ಆಗ ಅದು ಗಾಯಕ್ಕೆ ಉಪ್ಪು ಹಾಕಿದಂತಿತ್ತು. ನೆರೆಮನೆಯಾಕೆ ಒಬ್ಬಳು ಮಾತ್ರ ದಿನಾ ಸಂಜೆ ಬಂದು, ಮೊರದಲ್ಲಿ ನನ್ನ ಮನೆಯ ಅಕ್ಕಿಯನ್ನು ಹಾಕಿಕೊಂಡು, ಕಲ್ಲು ಆರಿಸಿಟ್ಟು, ದೀಪ ಹಚ್ಚುವ ಹೊತ್ತಿಗೆ ಎದ್ದು ಹೋಗುತ್ತಿದ್ದಳು. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಬಾಯಿ ತೆರೆಯದೆ ಅವನೊಂದಿಗೆ ನೆಲದ ಮೇಲೆ ಕುಳಿತಿದ್ದರಲ್ಲ, ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ ಕೆಟ್ಟರು. ಆರಾಧನೆಯಲ್ಲಿ ನಾನು ಕಡೆಯ ಬೆಂಚಿನಲ್ಲಿ ಕುಳಿತು ತುಟಿ ಬಿಚ್ಚುತ್ತಿರಲಿಲ್ಲ. ಸಭೆಯವರು ಹಾಡುತ್ತಿದ್ದರು, ನಾನು ಕೇಳುತ್ತಿದ್ದೆ. ನನ್ನ ಪಾಲಿನ ವಿಶ್ವಾಸವನ್ನು ಆ ವರ್ಷ ಅವರೇ ಹೊತ್ತರೆಂದು ಈಗ ತಿಳಿಯುತ್ತದೆ. ನೀನೂ ಹಾಡಲಾಗದಿದ್ದರೆ ಸುಮ್ಮನೆ ಹೋಗಿ ಕುಳಿತುಕೋ, ಸಾಕು.

ಪ್ರಾರ್ಥನೆಗೆ ಮಾತು ಸಿಗದಿದ್ದರೆ 88ನೆಯ ಕೀರ್ತನೆಯನ್ನು ಓದು. ಅದು ಸಮಾಧಾನದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ನಿಲ್ಲುತ್ತದೆ. ಅಂಥದ್ದನ್ನೂ ಸತ್ಯವೇದ ತನ್ನೊಳಗೆ ಇಟ್ಟುಕೊಂಡಿದೆ. ಅಪೊಸ್ತಲನಾದ ಪೌಲನು ಥೆಸಲೋನಿಕದ ಸಭೆಯವರಿಗೆ ಬರೆದದ್ದು ದುಃಖಪಡಲೇಬಾರದೆಂದಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಪಡಬಾರದೆಂದು. ನಿರೀಕ್ಷೆಯುಳ್ಳವರ ದುಃಖವೂ ದುಃಖವೇ. ನಮ್ಮ ಕೈತಪ್ಪಿ ಹೋದವರನ್ನು ಕರ್ತನ ಕೈಯಲ್ಲಿ ಕಾಣುವೆವೆಂಬುದಷ್ಟೇ ಅದರ ಬೇರೆತನ.

ಈಸ್ಟರ್ ಹತ್ತಿರ ಬಂತು. ಯೇಸುವಿನ ಶಿಷ್ಯೆ ಮಗ್ದಲದ ಮರಿಯಳು ಆತನ ಸಮಾಧಿಗೆ ಹೋದದ್ದು ಇನ್ನೂ ಕತ್ತಲಿರುವಾಗಲೇ, ಅದೂ ಹಾಡುತ್ತಾ ಹೋದವಳಲ್ಲ; ಅಲ್ಲಿ ನಿಂತು ಅಳುತ್ತಿದ್ದಳು, ಎದ್ದು ಬಂದು ಎದುರಿಗೆ ನಿಂತಿದ್ದ ಯೇಸುವನ್ನೇ ತೋಟಗಾರನೆಂದುಕೊಂಡಳು, ಆತನು ಹೆಸರು ಹಿಡಿದು ಕರೆದಾಗಲೇ ಗುರುತು ಹಿಡಿದಳು. ನಮ್ಮ ಸಭೆಯವರೂ ಆ ದಿನ ನಸುಕಿನಲ್ಲೇ ಸಮಾಧಿ ತೋಟಕ್ಕೆ ಮೇಣದಬತ್ತಿ ಹಿಡಿದು ಹೋಗುತ್ತಾರೆ. ಶನಿವಾರ ಸಂಜೆಯೇ ಮಕ್ಕಳನ್ನು ಕರೆದುಕೊಂಡು ಬಾ. ಗೋರಿಯ ಕಳೆ ಕಿತ್ತು ತೊಳೆಯಲು ಹಳೆಯ ಬಟ್ಟೆ ಉಟ್ಟುಕೊಂಡಿರು. ಹೂವು ಕೊಳ್ಳಬೇಡ, ನಮ್ಮ ಹಿತ್ತಲಿನ ಮಲ್ಲಿಗೆ ಈ ಸಲ ಚೆನ್ನಾಗಿ ಬಿಟ್ಟಿದೆ.

ಇಂತು,
ನಿನ್ನ ದೊಡ್ಡಮ್ಮ