ಕಾನೂನು ನಿಕಾಯಕ್ಕೆ ಪೂರ್ಣಾವಧಿ ನಾಯಕತ್ವ ಬೇಕು

ಮಾನ್ಯರೇ,

ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು, ಕಾನೂನು ಕಾಲೇಜಿಗೆ ಪೂರ್ಣಾವಧಿ ಪ್ರಾಂಶುಪಾಲರು, ವಿಶ್ವವಿದ್ಯಾಲಯದ ವಿಭಾಗಕ್ಕೆ ಮುಖ್ಯಸ್ಥರು, ನಿಕಾಯಕ್ಕೆ (ಫ್ಯಾಕಲ್ಟಿಗೆ) ಡೀನ್ ಇರಬೇಕೆಂದು ಹೇಳುತ್ತವೆ. ಆದರೆ ನನ್ನ ಮಗಳು ಓದುತ್ತಿರುವ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಎರಡು ವರ್ಷಗಳಿಂದ ಪ್ರಭಾರ ಮುಖ್ಯಸ್ಥರೇ ಇದ್ದು, ಪಾಠ, ಪರೀಕ್ಷೆ, ಪ್ರವೇಶಾತಿ, ಕಡತ ಎಲ್ಲವೂ ಅವರೊಬ್ಬರ ಹೆಗಲ ಮೇಲಿವೆ. ಅವರ ಶ್ರದ್ಧೆಯ ಬಗ್ಗೆ ನನಗೆ ಗೌರವವಿದೆ. ನನ್ನ ದೂರು ವ್ಯವಸ್ಥೆಯ ಮೇಲೆ.

ಇದರಿಂದ ಮೊದಲು ಸೊರಗುವುದು ಕಾನೂನು ನೆರವು ಕೇಂದ್ರ. ಹಿರಿಯ ಅಧ್ಯಾಪಕರೊಬ್ಬರ ಮೇಲ್ವಿಚಾರಣೆಯಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಅದನ್ನು ನಡೆಸಬೇಕೆಂಬುದು ಅದೇ ನಿಯಮಗಳ ಆಶಯ. ಆ ಹೊಣೆ ಹೊರುವವರಿಲ್ಲದಿದ್ದರೆ, ಪಿಂಚಣಿಯ ಅರ್ಜಿಯನ್ನೋ ಜಮೀನಿನ ಪಹಣಿಯನ್ನೋ ಹಿಡಿದು ಬರುವ ಹಳ್ಳಿಯವರು ಮುಚ್ಚಿದ ಬಾಗಿಲು ಕಂಡು ಹಿಂದಿರುಗುತ್ತಾರೆ, ವಿದ್ಯಾರ್ಥಿಗಳಿಗೆ ಕಕ್ಷಿದಾರರ ಮಾತನ್ನು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವ ಅಭ್ಯಾಸವೇ ಆಗುವುದಿಲ್ಲ. ವಕೀಲಿಕೆಯಲ್ಲಿ ಅದಕ್ಕಿಂತ ದೊಡ್ಡ ಪಾಠ ಯಾವುದಿದೆ?

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಸ್ಥಾಪಕ ನಿರ್ದೇಶಕ ಎನ್.ಆರ್. ಮಾಧವ ಮೆನನ್ ಅವರಿಗೆ ಸುಮಾರು 12 ವರ್ಷಗಳ ಅಖಂಡ ಅವಧಿ ದೊರೆತದ್ದರಿಂದಲೇ, 1988ರಲ್ಲಿ ಆರಂಭವಾದ ಐದು ವರ್ಷದ ಪದವಿ ಅಲ್ಲಿ ಬೇರೂರಲು ಸಾಧ್ಯವಾಯಿತೆಂದು ನಾನು ನಂಬಿದ್ದೇನೆ. ಅಷ್ಟು ದೀರ್ಘ ಅವಧಿ ಎಲ್ಲೆಡೆ ಬೇಕಿಲ್ಲ. ಆದರೆ ಮುಖ್ಯಸ್ಥರ ಹುದ್ದೆಯನ್ನು ಕಾಯಂ ಆಗಿ ತುಂಬಿ, ಪರೀಕ್ಷೆ, ಸಂಶೋಧನೆ ಹಾಗೂ ಕಾನೂನು ನೆರವಿಗೆ ಪ್ರತ್ಯೇಕ ಅಧ್ಯಾಪಕರನ್ನು ಲಿಖಿತ ಆದೇಶದ ಮೂಲಕ ಹೊಣೆಗಾರರನ್ನಾಗಿಸುವುದಕ್ಕೆ ಕುಲಪತಿಗಳು ಮತ್ತು ಉನ್ನತ ಶಿಕ್ಷಣ ಇಲಾಖೆ ಈ ಶೈಕ್ಷಣಿಕ ವರ್ಷವೇ ಕ್ರಮ ಕೈಗೊಳ್ಳಬೇಕೆಂದು ವಿನಂತಿಸುತ್ತೇನೆ.

– ಓರ್ವ ವಕೀಲೆ, ಧಾರವಾಡ